ಏಳನೆಯ ಮಂಜುಗಡ್ಡೆಯ ಅಡಿಯಲ್ಲಿ ಕೊನೆಗೂ ಒಂದು ಎಸ್ಕರ್

ಬಂತು! ಹಿಮನದಿಗಳು ಬಿಟ್ಟುಹೋಗುವ ದಿಬ್ಬಗಳನ್ನು ಟ್ರೇಯಲ್ಲಿ ಮಂಜುಗಡ್ಡೆ ಕರಗಿಸಿ ಮಾಡಿ ನೋಡುವುದು ನನ್ನ ಪ್ರಯೋಗ. ಎಸ್ಕರ್ ಎಂದರೆ ಹಿಮನದಿಯ ಅಡಿಯ ಸುರಂಗದಲ್ಲಿ ಹರಿಯುವ ನೀರು ಕೂರಿಸಿಹೋಗುವ ಮರಳು, ಜಲ್ಲಿಯ ಉದ್ದನೆಯ ದಿಬ್ಬ. ನನ್ನದರ ಉದ್ದ 38 ಸೆಂ.ಮೀ., ಎತ್ತರ ಒಂದೂವರೆ ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ. ಗೊತ್ತಿಲ್ಲದವರು ನೋಡಿದರೆ ಟ್ರೇಯಲ್ಲಿ ಹಾವು ಸತ್ತು ಬಿದ್ದಿದೆ ಎಂದುಕೊಳ್ಳಬೇಕು, ಅಂಥ ಮರಳಿನ ಏಣು. ಇಷ್ಟಕ್ಕೆ ಏಳು ಮಂಜುಗಡ್ಡೆಗಳು ಕರಗಿಹೋದವು, ಫ್ರೀಜರ್‌ನಲ್ಲಿ ಜಾಗವಿಲ್ಲವೆಂದು ಮನೆಯವರು ಮಾತು ಬಿಟ್ಟಿದ್ದಾರೆ.

ಮೊರೇನ್, ಅಂದರೆ ಹಿಮನದಿ ಹೊತ್ತು ತಂದು ಸುರಿಯುವ ಕಲ್ಲುಮಣ್ಣಿನ ರಾಶಿ, ಆ ಭಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಲ್ಲು, ಮರಳು, ಜೇಡಿಮಣ್ಣು ಕಲಸಿ ಹೆಪ್ಪುಗಟ್ಟಿಸಿದರೆ, ಕರಗುವಾಗ ದೊಡ್ಡದು ಚಿಕ್ಕದು ಎಲ್ಲ ಒಟ್ಟಿಗೆ ರಾಶಿ ಬೀಳುತ್ತದೆ. ಹಿಮನದಿ ಹೊತ್ತದ್ದನ್ನು ಇಳಿಸುತ್ತದೆ, ವಿಂಗಡಿಸುವುದಿಲ್ಲ. ವಿಂಗಡಿಸುವುದು ನೀರು, ನನ್ನ ಗೋಳು ಶುರುವಾದದ್ದೂ ಅಲ್ಲಿಂದಲೇ.

ಸುರಂಗ ಮಾಡುವುದು ಸುಲಭ. ಅಚ್ಚಿನ ತಳದಲ್ಲಿ ರಬ್ಬರ್ ಪೈಪನ್ನು ಅಂಕುಡೊಂಕಾಗಿ ಅಂಟಿಸಿ ನೀರು ತುಂಬಿ ಹೆಪ್ಪುಗಟ್ಟಿಸಿ, ಆಮೇಲೆ ಗಡ್ಡೆಯನ್ನು ಮಗುಚಿ ಪೈಪನ್ನು ಸುಲಿದು ತೆಗೆದರಾಯಿತು. ಕಷ್ಟವಿರುವುದು ಆ ಸುರಂಗದೊಳಗೆ ಮರಳನ್ನು ನಿಲ್ಲಿಸುವುದರಲ್ಲಿ. ಹಿಂಬದಿಯಿಂದ ಮರಳು ಬೆರೆತ ನೀರು ನೂಕುವ ಪಂಪನ್ನು ಜೋರಾಗಿ ಬಿಟ್ಟರೆ ಅಷ್ಟೂ ಮರಳು ಹೊರಗೆ ಬಂದು ಬಾಯಿಯ ಮುಂದೆ ಬೀಸಣಿಗೆಯಂತೆ ಹರಡಿಕೊಂಡಿತು, ಒಳಗೆ ಒಂದು ಹರಳೂ ಇಲ್ಲ. ನಿಧಾನಕ್ಕೆ ಬಿಟ್ಟರೆ ಹಿಂಬಾಗಿಲಲ್ಲೇ ಕಟ್ಟಿಕೊಂಡು ನೀರು ಗಡ್ಡೆಯ ಮೇಲಿನಿಂದ ಹರಿಯಿತು. ನಾಲ್ಕು ಗಡ್ಡೆಗಳು ಹೀಗೆಯೇ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದವು.

ಐದನೆಯ ಸಲ ಬುದ್ಧಿ ಬಂತು. ಅನೇಕ ಎಸ್ಕರ್‌ಗಳು ಕಟ್ಟಿಕೊಂಡದ್ದು ಸುರಂಗದ ಬಾಯಿ ಕೆರೆಯ ನೀರಿಗೆ ತೆರೆದುಕೊಂಡಿದ್ದ ಕಡೆ. ಎದುರಿಗೆ ನಿಂತ ನೀರಿದ್ದರೆ ಹರಿವಿನ ಸೊಕ್ಕು ಅಡಗುತ್ತದೆ, ಹೊರೆ ಕೆಳಗಿಳಿಯುತ್ತದೆ. ಟ್ರೇಯ ಮುಂಭಾಗಕ್ಕೆ ಅಡ್ಡ ಹಲಗೆಯಿಟ್ಟು 5 ಸೆಂ.ಮೀ. ನೀರು ನಿಲ್ಲಿಸಿದೆ. ಮರಳು ಚೆನ್ನಾಗಿಯೇ ಕೂರುತ್ತಿತ್ತು. ಆಗ ಇಡೀ ಹಿಮನದಿ ಮೆಲ್ಲಗೆ ಎದ್ದು, ದೋಣಿಯಂತೆ ಪಕ್ಕಕ್ಕೆ ತೇಲಿಹೋಯಿತು!

ಮಂಜಿನ ಸಾಂದ್ರತೆ ನೀರಿನ 0.917ರಷ್ಟು. ನನ್ನ 6 ಸೆಂ.ಮೀ. ದಪ್ಪದ ಗಡ್ಡೆ ತೇಲಲು ಐದೂವರೆ ಸೆಂ.ಮೀ. ನೀರು ಬೇಕು ಎಂದು ಲೆಕ್ಕ ಹಾಕಿಯೇ ಇಟ್ಟಿದ್ದೆ. ಗಡ್ಡೆ ಕರಗುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕರಗುವುದೇ ಪ್ರಯೋಗವಾಗಿರುವಾಗ! ಆರನೆಯದರ ಮೇಲೆ ಇಟ್ಟಿಗೆ ಹೇರಿದೆ, ಸುರಂಗ ಕುಸಿಯಿತು.

ಏಳನೆಯದಕ್ಕೆ ನೀರನ್ನು 3 ಸೆಂ.ಮೀ.ಗೆ ಇಳಿಸಿದೆ, ಸುರಂಗದ ಬಾಯಿ ಮುಳುಗಿದರೆ ಸಾಕು. ಪಂಪನ್ನು ಒಂದು ನಿಮಿಷ ಜೋರು, ಮೂರು ನಿಮಿಷ ಸಣ್ಣಗೆ ಬಿಟ್ಟೆ. ಮರಳು ಬಾಯಿಯಿಂದ ಹಿಂದಕ್ಕೆ ಇಂಚಿಂಚಾಗಿ ಬೆಳೆಯಿತು. ಮಂಜು ಕರಗಿದ ಮೇಲೆ ನೀರನ್ನು ಸ್ಪಂಜಿನಿಂದ ಹೀರಿ ತೆಗೆದೆ, ಹಲಗೆ ಎತ್ತಿದ್ದರೆ ಎಲ್ಲ ಕೊಚ್ಚಿಹೋಗುತ್ತಿತ್ತು. ಚಾಕುವಿನಿಂದ ಅಡ್ಡ ಕೊಯ್ದು ನೋಡಿದರೆ ಒಂದು ಪದರ ಜಲ್ಲಿ, ಒಂದು ಪದರ ನುಣುಪು ಮರಳು. ಮಂಜಿನ ಗೋಡೆಯ ಆಸರೆ ತಪ್ಪಿದ ಅಂಚುಗಳಲ್ಲಿ ಪದರಗಳು ಕೆಳಕ್ಕೆ ಜಾರಿವೆ. ನಿಜವಾದ ಎಸ್ಕರ್‌ಗಳ ಅಂಚಿನಲ್ಲೂ ಇದೇ ಕುಸಿತ ಸಿಗುತ್ತದೆ. ಫಿನ್ಲೆಂಡ್‌ನ ಪುಂಕಹರ್ಯು ಎಂಬ ಎಸ್ಕರ್ ಹೀಗೆಯೇ ಕೆರೆಗಳ ನಡುವೆ 7 ಕಿ.ಮೀ. ಮಲಗಿದೆ. ನನ್ನದಕ್ಕೆ ಇನ್ನೂ ಹೆಸರಿಟ್ಟಿಲ್ಲ.

ಜಲ್ಲಿಯದೂ ಒಂದು ಕಥೆ. ಮೊರೇನ್‌ಗೆಂದು ಚೂಪು ಮೂಲೆಯ ಒಡೆದ ಕಲ್ಲು ತರಿಸಿದರೆ, ಮಾರಾಟಗಾರ ಮೀನಿನ ತೊಟ್ಟಿಗೆ ಹಾಕುವ ನೀಲಿ ದುಂಡು ಕಲ್ಲು ಕಳಿಸಿದ. ಕೇಳಿದರೆ ‘ಇದು ಇನ್ನೂ ಚೆನ್ನಾಗಿ ಕಾಣುತ್ತದೆ’ ಎಂಬ ಉತ್ತರ. ಮೊರೇನ್‌ಗೆ ಸುತ್ತಿಗೆ ಹಿಡಿದು ನಾನೇ ಒಡೆದೆ. ಆದರೆ ಎಸ್ಕರ್‌ನಲ್ಲಿ ನೀರು ಉರುಳಿಸಿದ ಕಲ್ಲು ದುಂಡಗೇ ಇರಬೇಕಲ್ಲ, ಹಾಗಾಗಿ ಆ ಮಹಾನುಭಾವ ತಿಳಿಯದೆಯೇ ಸರಿಯಾದ ಸರಕು ಕೊಟ್ಟಿದ್ದ. ಬಣ್ಣವನ್ನು ಕ್ಷಮಿಸಿದ್ದೇನೆ.

ಮುಂದಿನದು ಡ್ರಮ್ಲಿನ್, ಹಿಮನದಿಯ ಅಡಿಯಲ್ಲಿ ರೂಪುಗೊಳ್ಳುವ ನೀಳ ಗುಡ್ಡ. ಮಂಜು ಬಂದ ದಿಕ್ಕಿಗೆ ಕಡಿದಾದ ಬೆನ್ನು, ಹೋದ ದಿಕ್ಕಿಗೆ ಇಳಿಜಾರು ಬಾಲ, ಮಗುಚಿಟ್ಟ ಚಮಚದ ಹಾಗೆ. ಐರ್ಲೆಂಡಿನ ಕ್ಲೂ ಕೊಲ್ಲಿಯಲ್ಲಿ ಇವು ಅರ್ಧ ಮುಳುಗಿ ದ್ವೀಪಗಳಾಗಿವೆ. ಹೇಗೆ ರೂಪುಗೊಳ್ಳುತ್ತವೆ ಎಂಬುದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ, ಆದ್ದರಿಂದ ನಾನು ಸೋತರೂ ಅವಮಾನವಿಲ್ಲ. ಒದ್ದೆ ಜೇಡಿಮಣ್ಣಿನ ಮೇಲೆ ದಪ್ಪ ಅಂಟುಪಾಕ ಹರಿಸುವ ಯೋಚನೆಯಿದೆ. ಫ್ರೀಜರ್ ಬೇಕಾಗುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ. ಒಲೆ ಬೇಕಾಗುತ್ತದೆ ಎಂದು ಇನ್ನೂ ಹೇಳಿಲ್ಲ.