ಕುರಿಗಳು ಸುಮ್ನಿರಲಿಲ್ಲ

ಇವತ್ತು ಮತ್ತೆ ಬೈಬಲಿನ 1 ಸಮುವೇಲ ಪುಸ್ತಕದ 15ನೇ ಅಧ್ಯಾಯ ಓದಿದೆ. ಶತ್ರುಗಳಾದ ಅಮಾಲೇಕ್ಯರದ್ದು ಏನೂ ಉಳಿಸಬೇಡ, ದನಕುರಿಯನ್ನೂ ಬಿಡಬೇಡ ಅನ್ನೋದು ಇಸ್ರಾಯೇಲಿನ ಮೊದಲ ರಾಜ ಸೌಲನಿಗೆ ಪ್ರವಾದಿ ಸಮುವೇಲನ ಮೂಲಕ ದೇವರಿಂದ ಬಂದ ಅಪ್ಪಣೆ. (ಮಕ್ಕಳನ್ನೂ ಸೇರಿಸಿದ ಆ ಅಪ್ಪಣೆ ಓದುವಾಗ ಈಗಲೂ ಹೊಟ್ಟೆ ತೊಳಸುತ್ತದೆ, ಅದು ಬೇರೆ ಮಾತು.) ಸೌಲ ಗೆದ್ದ. ಅಮಾಲೇಕ್ಯರ ರಾಜ ಅಗಾಗನನ್ನು ಜೀವಂತ ಹಿಡಿದು ತಂದ. ಕೊಬ್ಬಿದ ಕುರಿಗಳನ್ನು ಉಳಿಸಿಕೊಂಡ. ಕರ್ಮೆಲಿನಲ್ಲಿ ತನಗೇ ಒಂದು ಸ್ಮಾರಕ ಬೇರೆ!

ಸಮುವೇಲ ಬಂದಾಗ ಏನೂ ಆಗದವನ ಹಾಗೆ, ದೇವರಾದ ಯೆಹೋವನು ಹೇಳಿದ್ದನ್ನೆಲ್ಲ ಮಾಡಿದ್ದೇನೆ ಅನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು ಅಂತ ಮುದುಕ ಕೇಳುತ್ತಾನೆ. ಸೌಲನ ಉತ್ತರ ನೋಡಿ: ಜನ ಉಳಿಸಿಕೊಂಡರು, ಅದೂ ದೇವರಿಗೆ ಬಲಿ ಕೊಡೋಕೆ. ಎಷ್ಟು ಸಲೀಸು ಅಲ್ವಾ?

ಹೊರಟ ಸಮುವೇಲನ ನಿಲುವಂಗಿಯ ಅಂಚನ್ನು ಸೌಲ ಹಿಡಿದ, ಅದು ಹರಿದೇ ಹೋಯಿತು. ನಿನ್ನ ರಾಜ್ಯವನ್ನೂ ದೇವರು ಇವತ್ತು ಹೀಗೇ ಹರಿದುಬಿಟ್ಟ ಅಂದ ಸಮುವೇಲ. ಆಗಲೂ ಸೌಲನ ಚಿಂತೆ ಏನು ಗೊತ್ತಾ? ಪಾಪ ಮಾಡಿದ್ದು ನಿಜ, ಆದರೂ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅಂತ. ನನ್ನನ್ನು ಜಾಸ್ತಿ ಕಾಡುವುದು ಈ ಮಾತೇ.

ಶಿಕ್ಷೆ ಸಿಡಿಲಿನ ಹಾಗೆ ತಕ್ಷಣ ಬರಲಿಲ್ಲ. ಸೌಲ ಸಿಂಹಾಸನದಲ್ಲೇ ಇದ್ದ. ಮುಂದೆ ರಾಜನಾಗಲಿದ್ದ ದಾವೀದನ ಮೇಲೆ ಹೊಟ್ಟೆಕಿಚ್ಚು, ನೆಮ್ಮದಿ ಇಲ್ಲದ ಮನಸ್ಸು, ಕೊನೆಗೆ ಗಿಲ್ಬೋವ ಬೆಟ್ಟದಲ್ಲಿ ಮೂವರು ಮಕ್ಕಳ ಜೊತೆ ಸಾವು. ಇತ್ತ ಸಮುವೇಲ ಮತ್ತೆ ಅವನನ್ನು ಕಾಣಲು ಹೋಗಲಿಲ್ಲ, ಆದರೆ ಅವನಿಗಾಗಿ ಅಳುತ್ತಲೇ ಇದ್ದ. ಇನ್ನೂ ಎಷ್ಟು ದಿನ ಅಳುತ್ತೀಯ ಅಂತ ದೇವರೇ ಕೇಳಬೇಕಾಯಿತು.