ಮೊಬೈಲ್ ಹೇಳಿತು ಸರಿ, ಆಮೇಲೆ ಯಾರನ್ನ ಕೇಳಿದ್ರಿ?

ಕೋಣಂದೂರಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ಸರ್ವೆಯವರು ಹೊಸಬರಲ್ಲ. ಆದರೆ ಈ ಸಲ ಬಂದ ಹುಡುಗಿಯ ವಿಷಯ ನನಗೆ ಹಿಡಿಸಿತು. ಶಿವಮೊಗ್ಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮೊಬೈಲಲ್ಲಿ ಸಿಗುವ ಆರೋಗ್ಯದ ಮಾಹಿತಿಯನ್ನು ಜನ ಎಷ್ಟು ನಂಬುತ್ತಾರೆ ಅಂತ ಅಳೆಯಬೇಕಂತೆ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳುವುದು, ಸರ್ಕಾರದ ಇ-ಸಂಜೀವಿನಿಯಲ್ಲಿ ವಿಡಿಯೋ ಕಾಲ್ ಮಾಡಿ ಡಾಕ್ಟರ ಹತ್ತಿರ ಮಾತಾಡುವುದು, ಆ್ಯಪ್‌ಗಳು, ಇಲಾಖೆಯ ಮೆಸೇಜು, ಎಲ್ಲ ಸೇರಿ. ಅಂಗಡಿ ಮುಂದಿನ ಬೆಂಚಲ್ಲಿ ಕೂತು ಕೇಳ್ತೀನಿ ಅಂದಳು. ಕೂರಿಸಿದೆ. ವ್ಯಾಪಾರ ಬಿಟ್ಟು ನಾನೂ ಕಿವಿ ಕೊಟ್ಟೆ.

ಅವಳ ಕಾಗದದಲ್ಲಿ ಪ್ರಶ್ನೆಗಳಿರಲಿಲ್ಲ, ವಾಕ್ಯಗಳಿದ್ದವು. ಓದಿ ಹೇಳಿದ ಮೇಲೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಒಂದು ಅಂದರೆ ಖಂಡಿತ ಒಪ್ಪಲ್ಲ, ಐದು ಅಂದರೆ ಪೂರ್ತಿ ಒಪ್ತೀನಿ. 1932ರಲ್ಲಿ ಲೈಕರ್ಟ್ ಅನ್ನುವವರು ಶುರುಮಾಡಿದ ಪದ್ಧತಿ ಇದು, ಇವತ್ತಿಗೂ ಎಲ್ಲ ಕಡೆ ಇದೇ. ವಾಕ್ಯಗಳ ಬೇರು ಮೇಯರ್, ಡೇವಿಸ್, ಶೂರ್ಮನ್ ಎಂಬ ಮೂವರು 1995ರಲ್ಲಿ ಬರೆದ ಪ್ರಬಂಧದಲ್ಲಿದೆಯಂತೆ. ನಾವು ಒಬ್ಬರನ್ನು ನಂಬುವಾಗ ಮೂರು ನೋಡುತ್ತೇವೆ: ಅವರಿಗೆ ಕೆಲಸ ಗೊತ್ತಾ, ನಮ್ಮ ಒಳ್ಳೇದು ಬಯಸುತ್ತಾರಾ, ಮಾತಿಗೆ ನಿಲ್ಲುತ್ತಾರಾ. ಮನುಷ್ಯರ ವಿಷಯಕ್ಕೆ ಇದು ಸರಿಯಾಗಿಯೇ ಇದೆ.

‘ಈ ಸೇವೆ ನನ್ನ ಹಿತವನ್ನು ಬಯಸುತ್ತದೆ’ ಅಂತ ಓದಿದಾಗ ಬಿಪಿ ಮಾತ್ರೆಗೆ ಬಂದಿದ್ದ ಅಜ್ಜಿ ನಕ್ಕುಬಿಟ್ಟರು. “ಅದು ಎಂತಕ್ಕೆ ನನ್ನ ಒಳ್ಳೇದು ಬಯಸ್ತದೆ ಮಗಾ? ಅದು ಮೊಬೈಲು.” ಎಷ್ಟು ಹಾಕಲಿ ಅಂತ ಕೇಳಿದರೆ, “ಐದೇ ಹಾಕು, ಪಾಪ, ಬಿಸಿಲಲ್ಲಿ ಬಂದಿದೀಯ.”

ಅವತ್ತು ಬಿದ್ದ ಐದುಗಳಲ್ಲಿ ಎಷ್ಟೋ ಇಂಥವೇ. ಮನೆಗೆ ಬಂದವರಿಗೆ ಇಲ್ಲ ಅನ್ನದ ಊರು ನಮ್ಮದು. ಇದಕ್ಕೆ ಅಂತಲೇ ಅವಳು ಒಂದೆರಡು ತಿರುಗುಮುರುಗು ವಾಕ್ಯ ಸೇರಿಸಿದ್ದಳು. ಮಾಹಿತಿ ಸರಿಯಿದೆ ಅನ್ನುವುದಕ್ಕೆ ಐದು ಕೊಟ್ಟ ಒಬ್ಬರು, ಮಾಹಿತಿ ಮೇಲೆ ಅನುಮಾನವಿದೆ ಅನ್ನುವುದಕ್ಕೂ ಐದು ಕೊಟ್ಟರು. ಎಲ್ಲ ಮುಗಿದ ಮೇಲೆ ಕ್ರಾನ್‌ಬ್ಯಾಕ್ ಆಲ್ಫಾ ಅಂತ ಒಂದು ಲೆಕ್ಕ ಹಾಕುತ್ತಾರೆ, 0.7 ದಾಟಿದರೆ ಸಾಮಾನ್ಯವಾಗಿ ಪಾಸು. ಆದರೆ ಅದು ಹೇಳುವುದು ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಅಂತ ಮಾತ್ರ. ಆ ತಿರುಗುಮುರುಗು ವಾಕ್ಯ ಬಿಟ್ಟರೆ, ಕೆಲವರು ಸಂಕೋಚಕ್ಕೆ ಎಲ್ಲದಕ್ಕೂ ಐದು, ಕೆಲವರು ಬೇಜಾರಿಗೆ ಎಲ್ಲದಕ್ಕೂ ಎರಡು ಅಂದರೂ ಚೆನ್ನಾಗಿಯೇ ಹೊಂದುತ್ತವೆ, ಅಲ್ವಾ?

ನನ್ನ ಅಳತೆ ಬೇರೆ, ಅದು ಕೌಂಟರಿನ ಈಚೆಯಿಂದ ಕಾಣುವುದು. ಡಾಕ್ಟರು ಕೈಯಲ್ಲಿ ಬರೆದ ಚೀಟಿ ತಂದವರು ಸುಮ್ನೆ ಮಾತ್ರೆ ತಗೊಂಡು ಹೋಗುತ್ತಾರೆ. ಅದೇ ವಿಡಿಯೋ ಕಾಲ್ ಆದ ಮೇಲೆ ಫೋನಿಗೆ ಬಂದ ಚೀಟಿ ತೋರಿಸುವವರು ಜಾಸ್ತಿ, “ಇದು ತಗೋಬಹುದಾ ಅಣ್ಣಾ?” ಅಂತ ಕೇಳಿಯೇ ಕೇಳುತ್ತಾರೆ. ಎರಡೂ ಕಡೆ ಡಾಕ್ಟರೇ. ಬೆಂಚಿನ ಮೇಲೆ ಐದು ಕೊಟ್ಟವರೂ ಕೌಂಟರಿಗೆ ಬಂದು ಹೀಗೆ ಕೇಳಿದ್ದನ್ನು ನೋಡಿದೆ.

ಹಾಗಂತ ಅನುಮಾನ ತಪ್ಪು ಅಂತಲೂ ನಾನು ಹೇಳಲ್ಲ. ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ. ವರ್ಷಗಟ್ಟಲೆ ಹಾಕಿದ ಲಸಿಕೆಯನ್ನು ಆಮೇಲೆ ಪರಿಣಾಮ ಸಾಲದು ಅಂತ ನಿಲ್ಲಿಸಿದರು. ಅದನ್ನು ಕಂಡ ಜನ ಮೆಸೇಜು ಬಂದ ತಕ್ಷಣ ತಲೆಯಾಡಿಸಬೇಕು ಅಂದರೆ ಹೇಗೆ? ‘ಕಾಡಿಗೆ ಹೋಗುವ ಮುಂಚೆ ಉಣ್ಣೆ ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳಿ, ಸತ್ತ ಮಂಗ ಕಂಡರೆ ತಿಳಿಸಿ’ ಅಂತ ಬಂದದ್ದನ್ನು ಓದುತ್ತಾರೆ. ಆದರೆ ತರಗು ಗುಡಿಸಲು ಹೋಗುವಾಗ ಎಣ್ಣೆ ಹಚ್ಚುವುದು ಆಶಾ ಕಾರ್ಯಕರ್ತೆ ಬಾಟಲಿ ತಂದು, ನಾಲ್ಕು ಮಾತು ಬೈದ ಮೇಲೆ. ಆಗ ಅಂಕ ಯಾರಿಗೆ, ಮೆಸೇಜಿಗಾ ಆಶಾಗಾ?

ಇನ್ನೊಂದು ಜಾತಿಯವರಿದ್ದಾರೆ. ಯಾವುದೋ ವಿಡಿಯೋ ನೋಡಿಕೊಂಡು ಬಂದು, ಜ್ವರಕ್ಕೆ ಜೋರಿನ ನೋವಿನ ಮಾತ್ರೆಯೇ ಬೇಕು ಅಂತ ಕೂರುವವರು. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವ ಆಗಬಹುದು. ಆಸ್ಪಿರಿನ್, ಐಬುಪ್ರೊಫೇನ್ ಥರದ್ದು ಅದನ್ನು ಹೆಚ್ಚಿಸಬಹುದು. ಹಾಗಾಗಿ ಸೀಸನ್ನಿನ ಜ್ವರಕ್ಕೆ ಮೊದಲು ರಕ್ತಪರೀಕ್ಷೆ ಮಾಡಿಸಿ ಅಂತ ಕಳಿಸುತ್ತೇನೆ. ಅವರಿಗೆ ಸಿಟ್ಟು. ಅವರನ್ನು ಬೆಂಚಲ್ಲಿ ಕೂರಿಸಿದ್ದರೆ ನಿಜವಾದ ಐದು ಬೀಳುತ್ತಿತ್ತು, ಸಂಕೋಚದ್ದಲ್ಲ. ಆ ಅಂಕ ಕಮ್ಮಿಯಾದರೇ ಒಳ್ಳೇದು. ಬರೀ ಎಷ್ಟು ನಂಬುತ್ತಾರೆ ಅಂತ ಅಳೆದರೆ ಈ ವ್ಯತ್ಯಾಸ ಸಿಗಲ್ಲ.

ಫೋನು ಯಾರದ್ದು ಅನ್ನುವುದೂ ಒಂದು ತಕರಾರು. ಅಜ್ಜಿಗೆ ಬಂದ ಮೆಸೇಜು ಮೊಮ್ಮಗ ಓದುತ್ತಾನೆ, ಸೊಸೆಯ ನಂಬರು ಗಂಡನ ಜೇಬಲ್ಲಿ. ಬಳಕೆದಾರ ಅಂತ ಅವಳು ಯಾರನ್ನು ಬರೆದುಕೊಳ್ಳಬೇಕು?

ಸಂಜೆ ಕಾಫಿ ಕುಡಿಯುವಾಗ ಅವಳಿಗೆ ಇಷ್ಟೇ ಹೇಳಿದೆ: ಅಂಕದ ಕೆಳಗೆ ಒಂದು ಖಾಲಿ ಗೆರೆ ಬಿಡು, ‘ಮೊಬೈಲಲ್ಲಿ ನೋಡಿದ ಮೇಲೆ ಯಾರನ್ನ ಕೇಳಿದ್ರಿ, ಆಮೇಲೆ ಎಂತ ಮಾಡಿದ್ರಿ’ ಅಂತ ಕೇಳು. ಲೆಕ್ಕಕ್ಕೆ ತರೋದು ಕಷ್ಟ ಸಾರ್ ಅಂದಳು. ಕಷ್ಟವೇ. ಆದರೂ ಬರೆದುಕೊಂಡಳು. ಮಳೆಗಾಲದಲ್ಲೂ ಒಮ್ಮೆ ಬಾ ಅಂದೆ. ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ಸಿಗ್ನಲ್‌ಗೆ ಗುಡ್ಡ ಹತ್ತುವಾಗ ಇದೇ ಜನ ಎಷ್ಟು ಅಂಕ ಕೊಡುತ್ತಾರೆ ಅಂತ ನನಗೂ ನೋಡಬೇಕಿದೆ.