ಸಮ್ನರ್ ಕೌಂಟಿಗೆ ಹೋಗುವುದಾದರೆ ಜೂನ್‌ನಲ್ಲೇ ಹೋಗಬೇಕು

ಅಮೆರಿಕದ ಕನ್ಸಾಸ್ ರಾಜ್ಯದ ವಿಚಿಟಾ ನಗರದಿಂದ ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರ್ ಹೋದರೆ ವೆಲಿಂಗ್ಟನ್ ಸಿಗುತ್ತದೆ. ಸಮ್ನರ್ ಕೌಂಟಿಗೆ ಇದೇ ಆಡಳಿತ ಕೇಂದ್ರ. ಕೌಂಟಿಯ ವಿಸ್ತೀರ್ಣ ಮೂರು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡದು. 2020ರ ಗಣತಿಯ ಪ್ರಕಾರ ಜನಸಂಖ್ಯೆ ಮಾತ್ರ ಇಪ್ಪತ್ತೆರಡು ಸಾವಿರದ ಆಸುಪಾಸು. ‘ಜಗತ್ತಿನ ಗೋಧಿ ರಾಜಧಾನಿ’ ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ವೆಲಿಂಗ್ಟನ್ನಿನ ಗೋಧಿ ಹಬ್ಬ ನಡೆಯುವುದು ಜುಲೈನಲ್ಲಿ. ಆ ಹೊತ್ತಿಗೆ ಹೊಲದಲ್ಲಿ ಉಳಿದಿರುವುದು ಬರೀ ಕೂಳೆ. ಮೆರವಣಿಗೆ ನೋಡಬೇಕೆಂದರೆ ಜುಲೈ ಸರಿ, ಬೇಸಾಯ ನೋಡಬೇಕೆಂದರೆ ಜೂನ್ ಎರಡನೇ ವಾರದಿಂದ ತಿಂಗಳ ಕೊನೆಯೊಳಗೆ ಹೋಗಬೇಕು. ಅದರಲ್ಲೂ ಮಳೆ ಬಿದ್ದು ಮೂರು ದಿನ ಎಲ್ಲ ನಿಂತುಹೋಗುವುದುಂಟು, ಅದಕ್ಕೆ ದಿನಗಳನ್ನು ಸ್ವಲ್ಪ ಸಡಿಲವಾಗಿ ಇಟ್ಟುಕೊಂಡು ಹೊರಡುವುದು ಒಳ್ಳೆಯದು.

ಹೆದ್ದಾರಿ ಬಿಟ್ಟರೆ ಇಡೀ ಸೀಮೆ ಚೌಕಾಕಾರ. ಮೈಲಿಗೊಂದು ರಸ್ತೆ ಉತ್ತರ-ದಕ್ಷಿಣಕ್ಕೆ, ಮೈಲಿಗೊಂದು ಪೂರ್ವ-ಪಶ್ಚಿಮಕ್ಕೆ. ನಡುವಿನ ಒಂದು ಚದರ ಮೈಲಿಗೆ ‘ಸೆಕ್ಷನ್’ ಎನ್ನುತ್ತಾರೆ, 640 ಎಕರೆ. ಅದರ ಕಾಲುಭಾಗ 160 ಎಕರೆ, ‘ಕ್ವಾರ್ಟರ್’. ರೈತರು ಮಾತನಾಡುವುದೇ ಕ್ವಾರ್ಟರ್ ಲೆಕ್ಕದಲ್ಲಿ. ಇದು ಓಸೇಜ್ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು. 1870ರಲ್ಲಿ ಅವರನ್ನು ದಕ್ಷಿಣಕ್ಕೆ, ಈಗಿನ ಒಕ್ಲಹೋಮಕ್ಕೆ ಕಳಿಸುವ ಕಾನೂನಾಯಿತು; ಬಂದು ನೆಲೆಸಿದವರಿಗೆ ಎಕರೆಗೆ ಒಂದೂಕಾಲು ಡಾಲರಿನಂತೆ ಕ್ವಾರ್ಟರುಗಳನ್ನು ಮಾರಲಾಯಿತು. ಭೂಮಿ ಗುಂಡಗಿರುವುದರಿಂದ ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ. ಅದನ್ನು ಸರಿದೂಗಿಸಲು ಭೂಮಾಪಕರು ಅಲ್ಲಲ್ಲಿ ಗೆರೆಯನ್ನು ಪಕ್ಕಕ್ಕೆ ಸರಿಸಿದ್ದಾರೆ. ಹಾಗಾಗಿ ನೇರವಾಗಿ ಹೋಗುತ್ತಿದ್ದ ರಸ್ತೆ ಇದ್ದಕ್ಕಿದ್ದಂತೆ ಎಡಕ್ಕೋ ಬಲಕ್ಕೋ ಮುರಿಯುತ್ತದೆ. ರಾತ್ರಿ ವೇಗದಲ್ಲಿದ್ದರೆ ಕಾರು ನೇರ ಹೊಲಕ್ಕೆ.

ಜಲ್ಲಿ ರಸ್ತೆಯಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ದಾಟುವುದು ಬೇಡ, ಜಲ್ಲಿಯ ಏಣಿನ ಮೇಲೆ ಚಕ್ರ ಜಾರುತ್ತದೆ. ಬರೀ ಮಣ್ಣಿನ ರಸ್ತೆಗೆ ಮಳೆಯಾದ ಮೇಲೆ ಇಳಿಯಲೇಬಾರದು, ಬಾಡಿಗೆ ಕಾರು ಹೂತರೆ ಟ್ರ್ಯಾಕ್ಟರ್ ಬರುವವರೆಗೂ ಅಲ್ಲೇ. ಕಿತ್ತಳೆ ಬಣ್ಣದ ತ್ರಿಕೋನ ಹಿಂದೆ ಅಂಟಿಸಿಕೊಂಡ ಯಂತ್ರ ಕಂಡರೆ ಅದು ನಿಧಾನ ಹೋಗುವಂಥದ್ದು ಎಂದು ತಿಳಿದು ಮೊದಲೇ ವೇಗ ತಗ್ಗಿಸಬೇಕು. ಕಂಬೈನ್, ಅಂದರೆ ಕೊಯ್ದು ಒಕ್ಕುವ ದೊಡ್ಡ ಯಂತ್ರ, ಎದುರಾದರೆ ದಿಣ್ಣೆಯ ನೆತ್ತಿಯಲ್ಲಿ ನಿಲ್ಲದೆ, ಹೊಲಕ್ಕೆ ಇಳಿಯುವ ದಾರಿಯ ಬಾಯಲ್ಲಿ ಪಕ್ಕಕ್ಕೆ ಸರಿದು ಬಿಟ್ಟುಕೊಡುವುದು ರೂಢಿ. ಎದುರಿನವರು ಸ್ಟಿಯರಿಂಗಿನ ಮೇಲಿಂದ ಒಂದು ಬೆರಳೆತ್ತುತ್ತಾರೆ. ನಾವೂ ಎತ್ತಿದರೆ ಮರ್ಯಾದೆ.

ಇಲ್ಲಿ ಬೆಳೆಯುವುದು ಗಟ್ಟಿ ಕೆಂಪು ಚಳಿಗಾಲದ ಗೋಧಿ, ಬ್ರೆಡ್ಡಿಗೆ ಹೇಳಿ ಮಾಡಿಸಿದ ತಳಿ. ಅಕ್ಟೋಬರಿನಲ್ಲಿ ಬಿತ್ತನೆ. ಏಳೂವರೆ ಅಂಗುಲ ಸಾಲಿನ ಯಂತ್ರದ ಕೂರಿಗೆಯಲ್ಲಿ ಎಕರೆಗೆ ಸುಮಾರು 27ರಿಂದ 40 ಕಿಲೋ ಬೀಜ ಹಾಕುತ್ತಾರೆ. ತೀರಾ ಬೇಗ ಬಿತ್ತಿದರೆ ಹೆಸಿಯನ್ ನೊಣ ಮೊಟ್ಟೆಯಿಟ್ಟು ಕಾಂಡ ಕೆಡಿಸುತ್ತದೆ. ಆದರೂ ಕೆಲವರು ಸೆಪ್ಟೆಂಬರಿನಲ್ಲೇ ದಟ್ಟವಾಗಿ ಬಿತ್ತುತ್ತಾರೆ, ಚಳಿಗಾಲದಲ್ಲಿ ದನ ಮೇಯಿಸಲು. ಒಂದೇ ಹೊಲದಿಂದ ಮಾಂಸವನ್ನೂ ಕಾಳನ್ನೂ ತೆಗೆಯುವ ಈ ಪದ್ಧತಿಯಲ್ಲಿ ಜಾಣ್ಮೆಯಿರುವುದು ದನ ಹೊರಗೆಬ್ಬಿಸುವ ದಿನ ಗುರುತಿಸುವುದರಲ್ಲಿ. ಫೆಬ್ರವರಿ ಕೊನೆಯಿಂದ ರೈತ, ಮೇಯದೆ ಬಿಟ್ಟ ಮೂಲೆಯಿಂದ ಗಿಡ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಿ ನೋಡುತ್ತಾನೆ. ಬುಡಕ್ಕೂ ಎಳೆ ತೆನೆಗೂ ನಡುವೆ ಒಂದೂವರೆ ಸೆಂಟಿಮೀಟರ್ ಟೊಳ್ಳು ಕಂಡರೆ ಅಂದೇ ದನ ಹೊರಗೆ. ಮೇಯುವ ಹೊಲದ ಗಿಡ ಸೀಳಿ ನೋಡಿದರೆ ಮೋಸ ಹೋಗುತ್ತೇವೆ, ಅಲ್ಲಿ ಈ ಹಂತ ತಡವಾಗಿ ಬರುತ್ತದೆ. ಮುಂದೆ ಪ್ರತಿ ದಿನದ ಮೇವಿಗೂ ಇಳುವರಿ ತೆರಬೇಕು. ತೆನೆ ಬರುವ ಹೊತ್ತಿಗೆ, ಏಪ್ರಿಲ್ ಕೊನೆಯಲ್ಲಿ, ಒಂದು ರಾತ್ರಿ ಶೂನ್ಯ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೂ ಹೂವು ಸುಟ್ಟು ತೆನೆ ಜೊಳ್ಳಾಗಬಹುದು. ಹೊರಗಿಂದ ಹೊಲ ಹಸಿರಾಗೇ ಕಾಣುವುದರಿಂದ ನಷ್ಟ ಗೊತ್ತಾಗುವುದು ವಾರದ ಮೇಲೆ.

ಜೂನ್‌ನಲ್ಲಿ ಊರಿಗೆಲ್ಲ ಒಂದೇ ಸಂಖ್ಯೆಯ ಚಿಂತೆ: ಹದಿಮೂರೂವರೆ. ಕಾಳಿನ ತೇವ 13.5 ಶೇಕಡಕ್ಕೆ ಇಳಿಯದೆ ಎಲಿವೇಟರಿನವರು, ಅಂದರೆ ಕಾಳು ಕೊಂಡು ಕೂಡಿಡುವ ಉಗ್ರಾಣದವರು, ಪೂರ್ತಿ ಬೆಲೆ ಕೊಡುವುದಿಲ್ಲ. ತೆನೆ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳು ಕಡಿದಾಗ ಕಟಕ್ಕೆಂದರೆ ಹದ ಬಂತೆಂದು ಲೆಕ್ಕ. ಆದರೂ ತೇವ ಅಳೆಯುವ ಯಂತ್ರದ ಮಾತೇ ಕೊನೆ. ಇಬ್ಬನಿ ಆರುವವರೆಗೆ, ಹತ್ತು-ಹನ್ನೊಂದು ಗಂಟೆಯವರೆಗೆ ಕಂಬೈನ್ ಹೊರಡುವುದಿಲ್ಲ. ಹೊರಟಿತೆಂದರೆ ರಾತ್ರಿ ಹುಲ್ಲು ತೇವ ಹಿಡಿದು ಸುತ್ತಿಕೊಳ್ಳುವವರೆಗೂ ನಿಲ್ಲುವುದಿಲ್ಲ. ಮುಂದೆ ಕೊಯ್ಯುವ ಭಾಗದ, ಅಂದರೆ ಹೆಡರಿನ ಅಗಲ 35–40 ಅಡಿ. ಪಕ್ಕದಲ್ಲೇ ಓಡುವ ಗಾಡಿಗೆ ನಿಲ್ಲದೆಯೇ ಕಾಳು ಸುರಿಯುತ್ತದೆ. ಕಂಬೈನಿನ ಹಿಂದೆ ಬಗ್ಗಿ ನೋಡುತ್ತ ಹೋಗುವವನು ನೆಲದ ಕಾಳು ಎಣಿಸುತ್ತಿರುತ್ತಾನೆ: ಚದರಡಿಗೆ ಇಪ್ಪತ್ತು ಕಾಳು ಬಿದ್ದಿದ್ದರೆ ಎಕರೆಗೆ ಒಂದು ಬುಶೆಲ್, ಅಂದರೆ 27 ಕಿಲೋ ನಷ್ಟ. ಒಕ್ಕದೆ ಉಳಿದ ತೆನೆ ಬಿದ್ದಿದ್ದರೆ, ತಿರುಗುವ ಸಿಲಿಂಡರಿನ ಕೆಳಗೆ ತೆನೆ ಉಜ್ಜುವ ಜಾಲರಿಯಾದ ಕಾನ್‌ಕೇವ್ ಬಿಗಿಮಾಡಬೇಕು, ಒಡೆದ ಕಾಳು ಟ್ಯಾಂಕಿನಲ್ಲಿದ್ದರೆ ಸಡಿಲಿಸಬೇಕು ಇಲ್ಲವೇ ಸಿಲಿಂಡರಿನ ವೇಗ ಇಳಿಸಬೇಕು. ಗಾಳಿ, ಒಣ ಹೊಟ್ಟು, ಕಾದ ಬೇರಿಂಗು ಮೂರೂ ಸೇರಿದರೆ ಬೆಂಕಿ. ಅದಕ್ಕೇ, ಬೆಂಕಿಯ ಸುತ್ತ ನೆಲ ಮಗುಚಲೆಂದು ಡಿಸ್ಕ್ ನೇಗಿಲು ಕಟ್ಟಿದ ಟ್ರ್ಯಾಕ್ಟರೊಂದನ್ನು ಹೊಲದ ಅಂಚಿನಲ್ಲಿ ಸಿದ್ಧವಾಗಿ ನಿಲ್ಲಿಸಿರುತ್ತಾರೆ. ಮಧ್ಯಾಹ್ನ ಕೂಳೆಯ ಮೇಲೆ ಕಾರು ನಿಲ್ಲಿಸುವ ಪ್ರವಾಸಿಗೆ ಬೈಗುಳ ಖಂಡಿತ. ಬಿಸಿ ಸೈಲೆನ್ಸರ್ ಸಾಕು.

ಎಲ್ಲರ ಬಳಿಯೂ ಸ್ವಂತ ಕಂಬೈನ್ ಇರುವುದಿಲ್ಲ. ಮೇ ತಿಂಗಳಲ್ಲಿ ಟೆಕ್ಸಾಸಿನಿಂದ ಹೊರಟು, ಬೆಳೆ ಮಾಗಿದಂತೆ ಉತ್ತರಕ್ಕೆ ಸರಿಯುತ್ತ, ಬೇಸಿಗೆಯ ಕೊನೆಗೆ ಕೆನಡಾ ಗಡಿ ಮುಟ್ಟುವ ಬಾಡಿಗೆ ಕಟಾವಿನ ತಂಡಗಳು ಬರುತ್ತವೆ, ತುಂಗಭದ್ರಾ ಅಚ್ಚುಕಟ್ಟಿಗೆ ಭತ್ತದ ಕಾಲದಲ್ಲಿ ಹೊರರಾಜ್ಯದ ಯಂತ್ರಗಳು ಬರುವ ಹಾಗೆ. ಆಳುಗಳಲ್ಲಿ ದಕ್ಷಿಣ ಆಫ್ರಿಕಾದ ಹುಡುಗರು ಅನೇಕರು. ದರ ಹೇಳುವ ರೀತಿ ಸ್ವಾರಸ್ಯಕರ. ‘30-30-30’ ಎಂದರೆ ಎಕರೆಗೆ 30 ಡಾಲರ್ ಕಟಾವು, ಇಪ್ಪತ್ತು ಬುಶೆಲ್ ಮೀರಿದ ಪ್ರತಿ ಬುಶೆಲಿಗೆ 30 ಸೆಂಟ್, ಸಾಗಣೆಗೆ ಪ್ರತಿ ಬುಶೆಲಿಗೆ ಇನ್ನೊಂದು 30 ಸೆಂಟ್. ಎಕರೆಗೆ 45 ಬುಶೆಲ್, ನಮ್ಮ ಲೆಕ್ಕದಲ್ಲಿ ಹನ್ನೆರಡು ಕ್ವಿಂಟಲ್, ಬಂದರೆ ಒಟ್ಟು 51 ಡಾಲರ್.

ಊರು ಕಾಣುವ ಮೊದಲೇ ಕಾಣುವುದು ಎಲಿವೇಟರ್, ಕಾಂಕ್ರೀಟಿನ ಬಿಳಿ ಕೊಳವೆಗಳ ಸಾಲು. ಲಾರಿ ತೂಕದ ಕಟ್ಟೆಗೆ ಹತ್ತುತ್ತದೆ. ಮೇಲಿಂದ ಉದ್ದನೆಯ ಕೊಳವೆಯೊಂದು ಕಾಳಿನೊಳಗೆ ಇಳಿದು ನಾಲ್ಕಾರು ಕಡೆಯಿಂದ ಮಾದರಿ ಹೀರುತ್ತದೆ. ತೇವ, ಕಸ, ಬುಶೆಲ್ ತೂಕ (ಒಂದು ಬುಶೆಲ್ ಅಳತೆಯ ಪಾತ್ರೆ ತುಂಬಿದ ಕಾಳು ಎಷ್ಟು ತೂಗುತ್ತದೆ ಎಂಬುದು) ಈ ಮೂರನ್ನೂ ಅಲ್ಲೇ ನೋಡುತ್ತಾರೆ. ಬುಶೆಲಿಗೆ 60 ಪೌಂಡ್ ತೂಗಿದರೆ ಒಂದನೇ ದರ್ಜೆ, 58 ಎರಡನೆಯದು. ಮಾಗಿದ ಬೆಳೆಯ ಮೇಲೆ ಮಳೆ ಬಿದ್ದರೆ ಕಾಳು ಉಬ್ಬಿ, ಒಣಗಿದ ಮೇಲೂ ಹಳೆಯ ಗಾತ್ರಕ್ಕೆ ಮರಳುವುದಿಲ್ಲ. ತೇವ ಸರಿಯಿದ್ದರೂ ತೂಕ ಬೀಳುವುದು ಅದಕ್ಕೇ, ಪ್ರತಿ ಮಳೆಗೂ ಮತ್ತಷ್ಟು. ಹೊರಗೆ ನಿಂತು ನೋಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಮೊದಲು ಕಚೇರಿಯಲ್ಲಿ ಕೇಳಬೇಕು. ಒಳಗೆ ಬಿಡುವುದಿಲ್ಲ, ಬಿಡಲೂಬಾರದು. 1998ರ ಜೂನ್ 8ರಂದು ಉತ್ತರದ ಪಕ್ಕದ ಕೌಂಟಿಯ ಹೇಸ್ವಿಲ್ ಬಳಿ ಎಲಿವೇಟರೊಂದರಲ್ಲಿ ಧಾನ್ಯದ ದೂಳು ಸ್ಫೋಟಿಸಿ ಏಳು ಕಾರ್ಮಿಕರು ಸತ್ತರು.

ಊಟದ ವಿಷಯ: ಸಸ್ಯಾಹಾರಿಗಳಿಗೆ ಮೆಕ್ಸಿಕನ್ ಹೋಟೆಲಿನ ಬೀನ್ಸ್ ಬರಿಟೊ ಬಿಟ್ಟರೆ ಹೆಚ್ಚಿನ ದಾರಿಯಿಲ್ಲ. ವಿಚಿಟಾದ ಭಾರತೀಯ ಅಂಗಡಿಗಳಿಂದ ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಸಿಕೊಂಡೇ ಬರುವುದು ಮೇಲು. ದೂಳಿನ ಅಲರ್ಜಿ ಇದ್ದವರಿಗೆ ಮಾಸ್ಕ್ ಬೇಕೇಬೇಕು.

ಅರ್ಧ ದಿನ ಉಳಿದರೆ ಒಕ್ಲಹೋಮ ಗಡಿಯ ಕಾಲ್ಡ್‌ವೆಲ್ ನೋಡಬಹುದು. ಟೆಕ್ಸಾಸಿನಿಂದ ದನದ ಹಿಂಡುಗಳು ಬರುತ್ತಿದ್ದ ಚಿಶಮ್ ಹಾದಿಯ ಊರದು. 1893ರ ಸೆಪ್ಟೆಂಬರ್ 16ರಂದು ಮೊದಲು ತಲುಪಿದವರಿಗೆ ನೆಲ ಎಂದು ಸರ್ಕಾರ ತೆರೆದ, ಗಡಿಯಾಚೆಯ ಚೆರೊಕೀ ಪಟ್ಟಿಯ ನೆಲ ಹಿಡಿಯಲು ಸಾವಿರಾರು ಜನ ಓಟ ಕಿತ್ತದ್ದು ಇಲ್ಲಿಂದಲೂ ಹೌದು. ಹಾದಿಯಲ್ಲಿ ಕಂಬೈನ್ ಹೋದ ಬೆನ್ನಿಗೇ ಕೂಳೆಯೊಳಗೆ ಉಳುಮೆಯಿಲ್ಲದೆ ಎರಡನೇ ಬೆಳೆ ಬಿತ್ತುವ ಯಂತ್ರಗಳೂ ಕಾಣುತ್ತವೆ. ಸೋಯಾ ಉಂಟು, ‘ಮೈಲೊ’ ಎಂದು ಕರೆಯುವ ಜೋಳವೂ ಉಂಟು. ಉತ್ತರ ಕರ್ನಾಟಕದವರು ನೋಡಿದರೆ ಗುರುತು ಹಿಡಿಯುವುದು ಕಷ್ಟ: ಕಂಬೈನಿಗೆ ಸಿಗಲೆಂದು ಗಿಡ್ಡ ಮಾಡಿದ ತಳಿ, ಕೆಂಪು ಕಾಳು, ಹೋಗುವುದು ದನದ ಮೇವಿಗೆ ಮತ್ತು ಎಥನಾಲಿಗೆ. ಬಿತ್ತನೆ ಜುಲೈ ಮೊದಲ ವಾರ ದಾಟಿದರೆ ಕಾಳು ಬಲಿಯುವ ಮೊದಲೇ ಅಕ್ಟೋಬರಿನ ಹಿಮ ಹಿಡಿಯುವ ಭಯ. ಗೋಧಿ ಕೊಯ್ಲು ಮಳೆಗೆ ತಡವಾದ ವರ್ಷ ಬಹಳ ಮಂದಿ ಎರಡನೇ ಬೆಳೆಯ ಗೊಡವೆಗೇ ಹೋಗುವುದಿಲ್ಲ.